ಗುಲಾಬಿ ಪಾಲಿಹೌಸಿಗೆ ಬಾಗುವ ಯುವಿ ಸೆನ್ಸರ್: ಕಾರ್ಬನ್ ಡಾಟ್ ಫಿಲಂ ಕೊನೆಗೂ ನಿಂತಿತು

ಕಾರ್ಬನ್ ಡಾಟ್ ಅಂದರೆ ಯುವಿ (ಅತಿನೇರಳೆ ಕಿರಣ) ಬಿದ್ದಾಗ ನೀಲಿಯಾಗಿ ಹೊಳೆಯುವ ಇಂಗಾಲದ ಅತಿ ಸಣ್ಣ ಕಣ. ಅದನ್ನು ಬೆರೆಸಿದ ಫಿಲಂನ ಹೊಳಪು ನೋಡಿ ಯುವಿ ಅಳೆಯುವ ಸೆನ್ಸರ್ ಇದು. ಸ್ಪಿನ್ ಕೋಟರ್, ಗ್ಲೋವ್ ಬಾಕ್ಸಿನಂಥ ಲ್ಯಾಬ್ ಸಲಕರಣೆ ಇಲ್ಲದೆ ಇದು ಆಗುವ ಕೆಲಸವಲ್ಲ ಅಂದವರೇ ಹೆಚ್ಚು. ಚಿಕ್ಕಬಳ್ಳಾಪುರದ ಪಾಲಿಹೌಸಿನ ಪೈಪಿಗೆ ಸುತ್ತಿದ ಫಿಲಂ ಒಂದು ಬೇಸಿಗೆ ಪೂರ್ತಿ ರೀಡಿಂಗ್ ಕೊಟ್ಟಿದೆ. ಹೊಳಪು ಇಳಿದದ್ದು ಶೇ. 15ರಷ್ಟು ಮಾತ್ರ. ಕೆಂಪು ಗುಲಾಬಿಯ ದಳ ಕಪ್ಪಾಗಲು ಯುವಿಯೂ ಒಂದು ಕಾರಣ. ಪಾಲಿಹೌಸಿಗೆ ಹೊದಿಸಿದ 200 ಮೈಕ್ರಾನ್ ಶೀಟು ಹಳೆಯದಾದಂತೆ ಎಷ್ಟು ಯುವಿ ಒಳಗೆ ಬಿಡುತ್ತಿದೆ ಎಂದು ನೋಡಲು ಇದು ಬೇಕಿತ್ತು.

ಡಾಟ್ ಮಾಡಲು ಸಿಟ್ರಿಕ್ ಆಸಿಡ್ 1 ಗ್ರಾಂ, ಎಥಿಲೀನ್ ಡೈಅಮೀನ್ 0.33 ಮಿ.ಲೀ., ನೀರು 10 ಮಿ.ಲೀ.; ಟೆಫ್ಲಾನ್ ಆಟೋಕ್ಲೇವಿನಲ್ಲಿ (ಒತ್ತಡ ತಡೆಯುವ ಮುಚ್ಚಿದ ಪಾತ್ರೆ) 200 ಡಿಗ್ರಿ, 5 ಗಂಟೆ. ಅದಕ್ಕೂ ಮೊದಲು ಮೈಕ್ರೋವೇವಿನಲ್ಲಿ ಸಿಟ್ರಿಕ್–ಯೂರಿಯಾ ಮಾಡಿ ಮೂರು ತಿಂಗಳು ಕಳೆದವು. ಒಂದು ಸಲದಂತೆ ಇನ್ನೊಂದು ಸಲ ಬರಲಿಲ್ಲ, ಫಿಲಂ ತೇವ ಎಳೆದು ಅಂಟಂಟಾಯಿತು.

ಹೆಚ್ಚು ದುಡ್ಡು ತಿಂದದ್ದು ಹೊಳಪು ಮಾಸುವ ತೊಂದರೆ. ಶುದ್ಧ ಮಾಡದ ಡಾಟ್ ಕಣ್ಣು ಕುಕ್ಕುವಂತೆ ನೀಲಿಯಾಗಿ ಹೊಳೆಯುತ್ತದೆ, ಒಂದೇ ವಾರದಲ್ಲಿ ಅರ್ಧಕ್ಕಿಳಿಯುತ್ತದೆ. ಆ ಹೊಳಪಿನ ಬಹುಪಾಲು ಡಾಟ್‌ನದ್ದಲ್ಲ, ಜೊತೆಗೇ ಹುಟ್ಟುವ ಸಣ್ಣ ಅಣುಗಳದ್ದು. ಬಿಸಿಲಿಗೆ ಮೊದಲು ಹಾಳಾಗುವುದು ಅವೇ. ಸಣ್ಣ ಅಣುಗಳನ್ನು ಮಾತ್ರ ಹೊರಬಿಡುವ 1000 ಡಾಲ್ಟನ್ ಡಯಾಲಿಸಿಸ್ ಚೀಲದಲ್ಲಿ ಎರಡು ದಿನ ಇಟ್ಟು, ನೀರು ಆರೇಳು ಸಲ ಬದಲಿಸಿ. ಹೊಳಪು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಆದರೆ ಇಳಿದದ್ದು ಅಲ್ಲೇ ನಿಲ್ಲುತ್ತದೆ. ಚೀಲಗಳಿಗೇ ಏಳೆಂಟು ಸಾವಿರ ಹೋಯಿತು.

ಫಿಲಂ ಮಾಡಲು ಶೇ. 10ರ ಪಿವಿಎ (ನೀರಿನಲ್ಲಿ ಕರಗುವ ಪ್ಲಾಸ್ಟಿಕ್) ದ್ರಾವಣಕ್ಕೆ ಪಿವಿಎ ತೂಕದ ಶೇ. 0.5 ಡಾಟ್, ಸ್ವಲ್ಪ ಗ್ಲಿಸರಾಲ್. ಶೇ. 2 ಹಾಕಿದರೆ ಡಾಟುಗಳು ಒಂದರ ಬೆಳಕನ್ನೊಂದು ನುಂಗಿ ಫಿಲಂ ಮಂಕಾಗುತ್ತದೆ. ಸಮತಟ್ಟು ಗಾಜಿನ ಮೇಲೆ 2 ಮಿ.ಮೀ. ಸುರಿದರೆ ಒಣಗಿ 150 ಮೈಕ್ರಾನ್ ಆಗುತ್ತದೆ. ಪೂರ್ತಿ ಒಣಗದೆ ಲ್ಯಾಮಿನೇಶನ್ನಿಗೆ ಕೊಟ್ಟರೆ ಗುಳ್ಳೆ ಏಳುವುದು ಖಂಡಿತ. ಲ್ಯಾಮಿನೇಶನ್ ಹೊದಿಕೆಯ ಪಿಇಟಿ ಪ್ಲಾಸ್ಟಿಕ್ 320 ನ್ಯಾನೋಮೀಟರಿಗಿಂತ ಕೆಳಗಿನ ಯುವಿಯನ್ನು ತಡೆಯುತ್ತದೆ. ಅದಕ್ಕಿಂತ ಮೇಲಿನ, ನಮಗೆ ಬೇಕಾದ ಯುವಿ–ಎ ದಾಟಿ ಬರುತ್ತದೆ.

ಬೆಳಕನ್ನು ಕರೆಂಟಾಗಿಸುವ ಫೋಟೋಡಯೋಡನ್ನು ಫಿಲಂನ ಹಿಂದೆ ಇಡಬೇಡಿ, ಅಂಚಿಗೆ ಇಡಿ. ಬಿಸಿಲು ಫಿಲಂ ತೂರಿ ಆಚೆ ಹೋಗುತ್ತದೆ. ಒಳಗೆ ಹುಟ್ಟಿದ ನೀಲಿ ಬೆಳಕಿನ ಮುಕ್ಕಾಲು ಪಾಲು ಒಳಗೇ ಪುಟಿಯುತ್ತ ಅಂಚಿಗೆ ಬರುತ್ತದೆ. ಉಳಿದ ಮೂರು ಅಂಚಿಗೆ ಅಲ್ಯೂಮಿನಿಯಂ ಟೇಪ್. ಪಕ್ಕದಲ್ಲೇ ಡಾಟ್ ಇಲ್ಲದ ಫಿಲಂ, ಇನ್ನೊಂದು ಬಿಪಿಡಬ್ಲ್ಯೂ34 ಫೋಟೋಡಯೋಡ್. ಎರಡರ ವ್ಯತ್ಯಾಸವೇ ಯುವಿ. ಸಿಗ್ನಲ್ ಹಿಗ್ಗಿಸುವ ಎಲ್ಎಂ358 ಚಿಪ್ ಬೆಳಗಿನ ಸಣ್ಣ ಕರೆಂಟಿಗೆ ಆಗಲಿಲ್ಲ. ಎಂಸಿಪಿ6002 ಹಾಕಿ 470 ಕಿಲೋಓಮ್ ರೆಸಿಸ್ಟರ್ ಕೊಟ್ಟ ಮೇಲೆ ಸರಿಹೋಯಿತು. ಡಯೋಡ್ ಅಂಟಿಸಲು ಬಳಸಿದ ಅಂಟಿನ ಹೆಸರನ್ನು ಸದ್ಯಕ್ಕೆ ಹೇಳುವುದಿಲ್ಲ. ನಡುವೆ ಗಾಳಿ ಉಳಿಯಬಾರದು, ಇಷ್ಟು ಸಾಕು.

ಡಾಟ್ ಮಾಡಲು ಹುಣಸೆಹಣ್ಣಿನ ರಸವನ್ನೂ ಆಟೋಕ್ಲೇವಿಗೆ ಹಾಕಿ ನೋಡಿದ್ದುಂಟು. ಕಂದು ನೀರು, ಮಂಕು ಹೊಳಪು. ಸೋಸಲು ದಿನವಿಡೀ ಬೇಕು.

ಈಗ ಒಂದು ಸೆನ್ಸರಿಗೆ ಸಾಮಾನಿನ ಖರ್ಚು ಸುಮಾರು 400 ರೂಪಾಯಿ. ಎರಡಿಂಚು ಪೈಪಿಗೆ ಸುತ್ತಿದಾಗ ರೀಡಿಂಗ್ ಶೇ. 6–7 ಇಳಿಯುತ್ತದೆ, ಹಾಗಾಗಿ ಸುತ್ತಿದ ಮೇಲೆಯೇ ಯುವಿ–ಎ ಮೀಟರ್ ಪಕ್ಕದಲ್ಲಿಟ್ಟು ಹೊಂದಿಸಿಕೊಳ್ಳಬೇಕು.