ಗಂಟುನೋವಿನೊಂದಿಗೆ ಮನಸ್ಸೂ ಕುಗ್ಗಿದಾಗ ವೈದ್ಯರಿಗೆ ಹೇಳುವುದು ಹೇಗೆ?

ಉಡುಪಿಯ ಶಂಕರಪುರದ ಸುತ್ತಮುತ್ತ ಮಲ್ಲಿಗೆ ಬೆಳೆಯುವ ಮನೆಗಳಲ್ಲಿ ಬೆಳಗ್ಗೆ ಬೇಗನೆ ಮೊಗ್ಗು ಕೊಯ್ದು, ಚೆಂಡು ಕಟ್ಟಿ, ಮಾರುಕಟ್ಟೆಗೆ ಮುಟ್ಟಿಸಬೇಕು. ದೇಹದ ರಕ್ಷಣಾ ವ್ಯವಸ್ಥೆಯೇ ಗಂಟುಗಳಲ್ಲಿ ಉರಿಯೂತ ತರುವ ರುಮಟಾಯ್ಡ್ ಸಂಧಿವಾತ ಇರುವವರ ಬೆರಳುಗಳು ಬಿಗಿದುಕೊಂಡಿರುವುದೂ ಅದೇ ಹೊತ್ತಿನಲ್ಲಿ. ಆ ಬಿಗಿತ ಸಡಿಲಗೊಳ್ಳಲು ಒಂದು ಗಂಟೆಗೂ ಹೆಚ್ಚು ಬೇಕಾಗಬಹುದು. ಬೀಡಿ ಕಟ್ಟುವವರ ಪಾಡೂ ಬೇರೆಯಲ್ಲ. ಕೈಕೆಲಸವೂ ಅದರಿಂದ ಬರುತ್ತಿದ್ದ ಸ್ವಂತ ಗಳಿಕೆಯೂ ಒಟ್ಟಿಗೆ ತಪ್ಪಿದಾಗ ಮನಸ್ಸು ಕುಗ್ಗುವುದನ್ನು ‘ವಯಸ್ಸಾಯಿತಲ್ಲ’ ಎಂದು ತಳ್ಳಿಹಾಕುವುದು ಸರಿಯಲ್ಲ. ನೋವು ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟವರಿಗೆ ನೋವು ಇನ್ನಷ್ಟು ತೀವ್ರವಾಗಿ ತಿಳಿಯುತ್ತದೆ. ಸಾಲದೆಂಬಂತೆ, ಗಂಟುಗಳಲ್ಲಿ ಉರಿಯೂತ ಉಂಟುಮಾಡುವ ರಾಸಾಯನಿಕಗಳು ಮಿದುಳಿನ ಮೇಲೂ ಪರಿಣಾಮ ಬೀರುತ್ತವೆ.

ಮೊದಲು ಎರಡು ವಾರ ಒಂದು ಪುಸ್ತಕದಲ್ಲಿ ದಿನವೂ ನೋವು, ನಿದ್ದೆ ಮತ್ತು ಮನಸ್ಸಿನ ಸ್ಥಿತಿಯನ್ನು ಒಂದೊಂದು ಸಾಲಿನಲ್ಲಿ ಬರೆದಿಡಿ. ಸುಸ್ತು, ನಿದ್ರಾಹೀನತೆ, ಹಸಿವಿಲ್ಲದಿರುವುದು ಸಂಧಿವಾತದಲ್ಲೂ ಖಿನ್ನತೆಯಲ್ಲೂ ಕಾಣಿಸಿಕೊಳ್ಳುವುದರಿಂದ ಅವುಗಳನ್ನಷ್ಟೇ ನೋಡಿ ಏನನ್ನೂ ನಿರ್ಧರಿಸಲಾಗದು. ನೋವು ಕಡಿಮೆಯಿದ್ದ ದಿನ ಏನಾಯಿತು ಎಂಬುದನ್ನು ಗಮನಿಸಿ. ಕೈಕಾಲು ಹಗುರವಾಗಿದ್ದ ಸಂಜೆಯೂ, ಹಿಂದೆ ತಪ್ಪಿಸದೆ ಹೋಗುತ್ತಿದ್ದ ಯಕ್ಷಗಾನದ ಆಟಕ್ಕೋ ಭೂತಕೋಲಕ್ಕೋ ನೆಂಟರ ಮನೆಗೋ ಹೋಗಬೇಕೆನಿಸದಿದ್ದರೆ, ಅದು ಗಂಟಿನ ತೊಂದರೆ ಮಾತ್ರವಲ್ಲ.

ಈ ಪುಸ್ತಕವನ್ನು ಗಂಟುನೋವಿಗೆ ಔಷಧಿ ಕೊಡುವ ವೈದ್ಯರಿಗೇ ತೋರಿಸಿ. ಅವರು ಕೇಳಲಿ ಎಂದು ಕಾಯಬೇಡಿ. ಸ್ಟೀರಾಯ್ಡ್ ಮಾತ್ರೆಗಳು ಕೆಲವರಲ್ಲಿ ನಿದ್ದೆಯನ್ನೂ ಮನಸ್ಥಿತಿಯನ್ನೂ ಏರುಪೇರು ಮಾಡುವುದರಿಂದ, ಮಾತ್ರೆ ಆರಂಭಿಸಿದ ಅಥವಾ ಪ್ರಮಾಣ ಬದಲಾದ ದಿನಾಂಕವನ್ನೂ ತಿಳಿಸಿ, ಆದರೆ ಅವುಗಳನ್ನು ತಾವಾಗಿ ಏಕಾಏಕಿ ನಿಲ್ಲಿಸುವುದು ಅಪಾಯಕಾರಿ. ಮನೋವೈದ್ಯರ ಸೇವೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲೂ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲೂ ಇದೆ. ಊರಿನವರ ಕಣ್ಣಿಗೆ ಬೀಳುವ ಸಂಕೋಚವಿದ್ದರೆ 14416ಕ್ಕೆ ಕರೆ ಮಾಡಬಹುದು. ಟೆಲಿ ಮಾನಸ್ ಎಂಬ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಬದುಕು ಬೇಡವೆಂಬ ಯೋಚನೆ ಬಂದರೆ ಎರಡು ವಾರ ಕಾಯದೆ ಅಂದೇ ಮನೆಯವರಿಗೆ ಹೇಳಿ, ಆಸ್ಪತ್ರೆಗೆ ಹೋಗಬೇಕು.

ಮನೆಯವರು ಕಾಳಜಿಯಿಂದಲೇ ‘ನೀವು ಸುಮ್ಮನೆ ಕುಳಿತಿರಿ’ ಎನ್ನುತ್ತಾರೆ. ಇದು ಹಲವರಿಗೆ ನೋವಿಗಿಂತ ಹೆಚ್ಚು ಚುಚ್ಚುತ್ತದೆ ಎಂಬುದು ನನ್ನ ಅಭಿಪ್ರಾಯ. ಕೆಲಸವನ್ನೇ ಕಿತ್ತುಕೊಳ್ಳುವ ಬದಲು ಅದರ ಹೊತ್ತನ್ನೂ ರೀತಿಯನ್ನೂ ಬದಲಿಸಿ: ತೆಂಗಿನಕಾಯಿ ತುರಿಯುವುದನ್ನು ಬೇರೆಯವರು ವಹಿಸಿಕೊಳ್ಳಲಿ, ಮೊಗ್ಗು ಕೊಯ್ಯುವುದು ಮಕ್ಕಳ ಪಾಲಿಗಿರಲಿ, ಬೆರಳು ಸಡಿಲಗೊಂಡ ಮೇಲೆ ಕಟ್ಟುವಷ್ಟು ಹೂವನ್ನು ನೋವಿರುವವರಿಗೆಂದು ಉಳಿಸಿ, ಅದರ ಹಣವನ್ನು ಅವರ ಕೈಗೇ ಕೊಡಿ.