ವಿದೇಶಿ ಸಂಗಾತಿಯೊಂದಿಗೆ ಮನೆಗೆ ಮರಳುವಾಗ: ವೀಸಾಕ್ಕಿಂತ ಮೊದಲು ಮದುವೆ ಪತ್ರ

ಪುಣೆಯ ಕನ್ನಡ ಮನೆಗಳಲ್ಲಿ ವಿದೇಶಿ ಸೊಸೆ, ವಿದೇಶಿ ಅಳಿಯ ಈಗ ಅಪರೂಪವಲ್ಲ. ಕೋಥರೂಡಿನಲ್ಲೋ ನಿಗಡಿಯಲ್ಲೋ ಬೆಳೆದ ಹುಡುಗ ಲಂಡನ್ನಿಗೋ ಟೊರಾಂಟೋಗೋ ಹೋಗುತ್ತಾನೆ, ಅಲ್ಲಿಯವಳನ್ನು ಮದುವೆಯಾಗುತ್ತಾನೆ, ಅಪ್ಪ ಅಮ್ಮನಿಗೆ ವಯಸ್ಸಾಯಿತೆಂದು ಮರಳಿ ಹೊರಡುತ್ತಾನೆ. ವಿಮಾನದ ಟಿಕೆಟ್ ಆಗುತ್ತದೆ, ಸಾಮಾನು ಹಡಗು ಹತ್ತುತ್ತದೆ. ವೀಸಾದ ಮಾತು ಬಂದರೆ ಮಾತ್ರ, ‘ಅಕ್ಕಾ, ಅದನ್ನು ಏಜೆಂಟರಿಗೆ ವಹಿಸಿದ್ದೇವೆ’ ಎನ್ನುತ್ತಾರೆ. ಇಂಥ ಕುಟುಂಬಗಳ ಕಾಗದಪತ್ರಗಳನ್ನು ನೋಡಿಕೊಡುತ್ತ ಬಂದಿರುವ ನನಗೆ ಕಂಡಿರುವುದು ಇಷ್ಟು: ಏಜೆಂಟರು ಫಾರ್ಮ್ ತುಂಬಬಲ್ಲರು, ಆದರೆ ಮದುವೆ ಪತ್ರದಲ್ಲಿ ಕೊರತೆಯಿದ್ದರೆ ಅದನ್ನು ಸರಿಪಡಿಸುವುದು ಅವರ ಕೈಯಲ್ಲಿಲ್ಲ. ಸಹಾಯ ಕೇಳುವ ಮೊದಲು ಯಾವ ಕೆಲಸಕ್ಕೆ ಸಹಾಯ ಬೇಕು ಎಂಬುದು ನಿಮಗೆ ತಿಳಿದಿರಬೇಕು.

1. ಯಾವ ವೀಸಾ?

ಭಾರತೀಯ ಪ್ರಜೆಯ ವಿದೇಶಿ ಪತಿ ಅಥವಾ ಪತ್ನಿಗೆ ಸಲ್ಲುವುದು ಎಂಟ್ರಿ ವೀಸಾ. ಕಚೇರಿಗಳಲ್ಲಿ ಇದನ್ನು ‘ಎಕ್ಸ್ ವೀಸಾ’ ಎನ್ನುತ್ತಾರೆ. ಅವರು ವಾಸವಿರುವ ದೇಶದ ಭಾರತೀಯ ರಾಯಭಾರ ಕಚೇರಿಯ ಮೂಲಕ, ಹೊರಡುವ ಮೊದಲೇ ಇದನ್ನು ಪಡೆಯಬೇಕು. ‘ಸದ್ಯಕ್ಕೆ ಟೂರಿಸ್ಟ್ ವೀಸಾದಲ್ಲಿ ಬನ್ನಿ, ಇಲ್ಲಿ ಬದಲಿಸೋಣ’ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಆನ್‌ಲೈನಿನಲ್ಲಿ ಸಿಗುವ ಇ-ವೀಸಾವನ್ನು ವಿಸ್ತರಿಸಲಾಗದು, ಪರಿವರ್ತಿಸಲಾಗದು ಎಂದು ಸರ್ಕಾರದ ಜಾಲತಾಣವೇ ಹೇಳುತ್ತದೆ. ಇನ್ನೊಂದು ವಿಷಯ: ಎಂಟ್ರಿ ವೀಸಾ ಎಂದರೆ ನೌಕರಿಗೆ ಪರವಾನಗಿಯಲ್ಲ. ಸೊಸೆ ಬಂದ ಕೂಡಲೇ ಹಿಂಜವಡಿಯಲ್ಲಿ ಕೆಲಸಕ್ಕೆ ಸೇರುವ ಲೆಕ್ಕಾಚಾರವಿದ್ದರೆ ಅದನ್ನು ಈಗಲೇ ಬದಲಿಸಿಕೊಳ್ಳಿ.

2. ಮದುವೆ ಪತ್ರ: ಇಲ್ಲಿ ನಿಧಾನಿಸಿ

ಮದುವೆ ಎಲ್ಲಿ, ಯಾವ ಕಾನೂನಿನಡಿ ಆಯಿತು ಎಂಬುದನ್ನು ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ವಿದೇಶದಲ್ಲಿ ಅಲ್ಲಿನ ಕಾನೂನಿನಂತೆ ನೋಂದಣಿಯಾಗಿದ್ದರೆ ಆ ಪತ್ರವೇ ನಿಮ್ಮ ಮೂಲ ದಾಖಲೆ. ಅದಕ್ಕೆ ಆ ದೇಶದಲ್ಲೇ ಅಪೊಸ್ಟಿಲ್ ಮುದ್ರೆ (ದಾಖಲೆ ಅಸಲಿಯೆಂದು ಬೇರೆ ದೇಶಗಳೂ ಒಪ್ಪುವ ದೃಢೀಕರಣ) ಹಾಕಿಸಿಕೊಂಡು ಬನ್ನಿ. ಬ್ರಿಟನ್ನಿನಲ್ಲಿ ವಿದೇಶಾಂಗ ಇಲಾಖೆ ಈ ಮುದ್ರೆ ಹಾಕುತ್ತದೆ. ಕೆನಡಾದಲ್ಲಿ ಈ ಪದ್ಧತಿ ಜಾರಿಗೆ ಬಂದದ್ದೇ 2024ರ ಜನವರಿಯಲ್ಲಿ, ಆದ್ದರಿಂದ ಅಲ್ಲಿ ಹಿಂದೆ ಮದುವೆಯಾದವರು ಹೇಳುವ ವಿಧಾನ ಈಗ ನಡೆಯುವುದಿಲ್ಲ. ಅಪೊಸ್ಟಿಲ್ ಒಪ್ಪಂದಕ್ಕೆ ಸೇರದ ದೇಶವಾದರೆ ಅಲ್ಲಿನ ವಿದೇಶಾಂಗ ಇಲಾಖೆಯ ದೃಢೀಕರಣ, ಆಮೇಲೆ ಭಾರತದ ರಾಯಭಾರ ಕಚೇರಿಯ ಮುದ್ರೆ. ಪುಣೆಗೆ ಬಂದ ಮೇಲೆ ಇದನ್ನು ಅಂಚೆಯಲ್ಲಿ ಮಾಡಿಸಲು ಹೊರಟರೆ ತಿಂಗಳುಗಳು ಕಳೆಯುತ್ತವೆ. ಪತ್ರ ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಅಧಿಕೃತ ಅನುವಾದವನ್ನೂ ಅಲ್ಲಿಯೇ ಮಾಡಿಸಿ.

ಹಿರಿಯರ ಸಮಾಧಾನಕ್ಕೆಂದು ಊರಿನಲ್ಲಿ ಮತ್ತೊಮ್ಮೆ ಮಂಟಪ ಹಾಕಿ ಧಾರೆ ಎರೆಯುವುದು ಸಂತೋಷದ ವಿಷಯ. ಆದರೆ ಆ ದಿನಾಂಕದಲ್ಲಿ ಎರಡನೆಯ ನೋಂದಣಿ ಮಾತ್ರ ಬೇಡವೇ ಬೇಡ. ಒಂದೇ ದಂಪತಿಗೆ ಎರಡು ಪತ್ರ, ಎರಡು ದಿನಾಂಕವಿದ್ದರೆ ಕಚೇರಿಯಲ್ಲಿ ಪ್ರಶ್ನೆಗಳಿಗೆ ಕೊನೆಯಿರುವುದಿಲ್ಲ.

ಮದುವೆ ಇಲ್ಲಿಯೇ ದೇವಸ್ಥಾನದಲ್ಲಿ ಆಗಿ, ನೋಂದಣಿಯೇ ಆಗಿಲ್ಲವೆಂದರೆ ಹೆಚ್ಚಿನ ಎಚ್ಚರ ಬೇಕು. ಹಿಂದೂ ವಿವಾಹ ಕಾಯ್ದೆ ಅನ್ವಯಿಸುವುದು ಇಬ್ಬರೂ ಹಿಂದೂಗಳಾಗಿದ್ದಾಗ. ಗೋಕರ್ಣದಲ್ಲಿ ಮಾಂಗಲ್ಯ ಕಟ್ಟಿದ ಮಾತ್ರಕ್ಕೆ ಕ್ರೈಸ್ತ ವಧುವಿನ ಮದುವೆ ಆ ಕಾಯ್ದೆಯಡಿ ಬರುವುದಿಲ್ಲ. ಇಂಥವರು 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು. ಜಿಲ್ಲೆಯಲ್ಲಿ 30 ದಿನಗಳ ವಾಸ, ಆಕ್ಷೇಪಣೆಗೆ 30 ದಿನಗಳ ಕಾಲಾವಕಾಶ, ಮೂವರು ಸಾಕ್ಷಿಗಳು: ಯಾವುದನ್ನೂ ಬಿಡುವಂತಿಲ್ಲ. ‘ಹಿಂದಿನ ತಾರೀಖು ಹಾಕಿಸಿ ಎರಡು ದಿನದಲ್ಲಿ ಕೊಡಿಸುತ್ತೇನೆ’ ಎನ್ನುವ ದಲ್ಲಾಳಿ ನಿಮ್ಮ ಮುಂದೆ ಇಡುತ್ತಿರುವುದು ಖೋಟಾ ದಾಖಲೆ. ಎದ್ದು ಬನ್ನಿ.

ಈ ದಿನಾಂಕಕ್ಕೆ ಇಷ್ಟು ಮಹತ್ವವೇಕೆಂದರೆ, ಮುಂದೆ ಒಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡ್ ಕೇಳುವಾಗ ಮದುವೆ ನೋಂದಣಿಯಾಗಿ, ಕನಿಷ್ಠ ಎರಡು ವರ್ಷ ಸತತವಾಗಿ ಊರ್ಜಿತವಾಗಿರಬೇಕು ಎನ್ನುತ್ತದೆ ಪೌರತ್ವ ಕಾಯ್ದೆ. ಹತ್ತು ವರ್ಷ ಸಂಸಾರ ಮಾಡಿ, ಮಗುವನ್ನು ಶಾಲೆಗೆ ಸೇರಿಸಿ, ನೋಂದಣಿಯನ್ನು ಹೋದ ತಿಂಗಳು ಮಾಡಿಸಿದವರು ಕಾಯಲೇಬೇಕಾಗುತ್ತದೆ.

3. ಹೆಸರು ಅಕ್ಷರಕ್ಕೆ ಅಕ್ಷರ ಕೂಡಬೇಕು

ನಮ್ಮವರ ಹೆಸರಿನ ಕ್ರಮ ಒಂದು, ಮಹಾರಾಷ್ಟ್ರದ ಕ್ರಮ ಇನ್ನೊಂದು. ನಮ್ಮಲ್ಲಿ ಇನಿಷಿಯಲ್ ಇರುತ್ತದೆ, ಕೆಲವರಿಗೆ ಅಡ್ಡಹೆಸರೇ ಇರುವುದಿಲ್ಲ. ಇಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಬೇಕು. ಮದುವೆಯಾದ ಹೆಣ್ಣಿಗೆ ನಡುವೆ ಗಂಡನ ಹೆಸರು ಸೇರಿಸುವ ರೂಢಿಯೂ ಇದೆ. ಪಾಸ್‌ಪೋರ್ಟಿನಲ್ಲಿ ಬರೀ ‘ವಿನಾಯಕ ಎಸ್.’ ಎಂದಿರುವವನು ಮದುವೆ ಪತ್ರದಲ್ಲಿ ‘ವಿನಾಯಕ ಶಂಕರ ಹೆಗಡೆ’ ಆಗುತ್ತಾನೆ. ಅವನ ಹೆಂಡತಿಯ ಹೆಸರಿನ ನಡುವೆ, ಅವಳ ಪಾಸ್‌ಪೋರ್ಟಿನಲ್ಲಿ ಎಲ್ಲಿಯೂ ಇಲ್ಲದ ‘ವಿನಾಯಕ’ ಬಂದು ಕೂರುತ್ತದೆ. ಅರ್ಜಿ ನಿಲ್ಲಲು ಇಷ್ಟು ಸಾಕು.

ನೋಂದಣಿ ಕಚೇರಿಯಲ್ಲಿ ಕರಡು ತೋರಿಸಿದಾಗ ಇಬ್ಬರ ಪಾಸ್‌ಪೋರ್ಟುಗಳನ್ನೂ ಪಕ್ಕದಲ್ಲಿಟ್ಟುಕೊಂಡು ಓದಿ. ಮರಾಠಿ ಭಾಗವನ್ನೂ ಬಿಡಬೇಡಿ, ವಿದೇಶಿ ಹೆಸರು ದೇವನಾಗರಿಗೆ ಬರುವಾಗ ರೂಪ ಕೆಡುತ್ತದೆ. ಹಿಂದೆ ಜನ ಕಾಯುತ್ತಿದ್ದಾರೆಂದು ಅವಸರದಲ್ಲಿ ಸಹಿ ಹಾಕಬೇಡಿ. ಪತ್ರ ಆಗಲೇ ಕೈಸೇರಿದ್ದು ತಪ್ಪಿದ್ದರೆ, ಕೊಟ್ಟ ಕಚೇರಿಯಲ್ಲೇ ತಿದ್ದುಪಡಿ ಮಾಡಿಸುವುದು ನನ್ನ ಮೊದಲ ಸಲಹೆ. ಎರಡು ಹೆಸರಿನವರೂ ಒಬ್ಬರೇ ಎಂಬ ಅಫಿಡವಿಟ್ ಅದಕ್ಕೆ ಬದಲಿಯಲ್ಲ, ತಿದ್ದುಪಡಿ ಸಾಧ್ಯವೇ ಇಲ್ಲದಾಗ ಮಾತ್ರ ಅದರ ಮೊರೆ ಹೋಗಿ. ಭಾರತೀಯ ಪಾಸ್‌ಪೋರ್ಟಿನಲ್ಲಿ ಸಂಗಾತಿಯ ಹೆಸರನ್ನು ಸೇರಿಸಿಕೊಂಡರೆ ಮುಂದಿನ ದಾರಿ ಬಹಳ ಸುಗಮ.

4. ಯಾರ ಸಹಾಯ, ಎಷ್ಟರ ಮಟ್ಟಿಗೆ?

ಕಾಗದಗಳು ನೇರವಾಗಿದ್ದರೆ ಅರ್ಜಿಯನ್ನು ದಂಪತಿಯೇ ತುಂಬಲಿ. ಹಿಂದಿನ ಮದುವೆ, ವಿಚ್ಛೇದನ, ಒಮ್ಮೆ ತಿರಸ್ಕೃತವಾದ ವೀಸಾ, ಅವಧಿ ಮೀರಿ ಉಳಿದ ಇತಿಹಾಸ ಇವುಗಳಲ್ಲಿ ಒಂದಿದ್ದರೂ ವಕೀಲರ ಹತ್ತಿರ ಹೋಗಿ. ಏಜೆಂಟರ ಹತ್ತಿರವಲ್ಲ. ಕನ್ನಡ ಸಂಘದ ಹಿರಿಯರ ಅನುಭವ ದೊಡ್ಡದು, ಕೇಳಿ. ಆದರೆ ‘ಪಿಐಒ ಕಾರ್ಡ್ ಮಾಡಿಸು’ ಎಂದರೆ, ಭಾರತೀಯ ಮೂಲದವರಿಗೆಂದು ಇದ್ದ ಆ ಕಾರ್ಡ್ 2015ರ ಜನವರಿಯಲ್ಲೇ ಒಸಿಐ ಜೊತೆ ವಿಲೀನವಾಯಿತು ಎಂದು ವಿನಯದಿಂದ ತಿಳಿಸಿ.

ಹುಡುಕಿದಾಗ ಮೇಲೆ ಬರುವ ಜಾಲತಾಣಗಳನ್ನು ನಂಬಬೇಡಿ. ಸರ್ಕಾರಿ ಲಾಂಛನವನ್ನು ಹೋಲುವ ಚಿತ್ರ ಹಾಕಿ ದುಪ್ಪಟ್ಟು ಹಣ ಕೀಳುವ ಖಾಸಗಿ ತಾಣಗಳು ಅನೇಕ. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇದೆಯೇ ನೋಡಿ. ಮೂಲ ಪಾಸ್‌ಪೋರ್ಟನ್ನು, ಲಾಗಿನ್ ಪಾಸ್‌ವರ್ಡನ್ನು ಯಾವ ಮಧ್ಯವರ್ತಿಗೂ ಕೊಡಬೇಡಿ.

5. ಅರ್ಜಿ

ಫಾರ್ಮ್ ತುಂಬಿ, ಶುಲ್ಕ ಕಟ್ಟಿ, ಮುದ್ರಿಸಿ, ಸಹಿ ಮಾಡಿ ಸಲ್ಲಿಸಿ. ಮೊದಲ ಮೂರು ಹಂತ ಸರಿಯಾಗಿದ್ದರೆ ಇದು ಒಂದು ಸಂಜೆಯ ಕೆಲಸ.

6. ಬಂದಿಳಿದ ಮೇಲೆ

ವೀಸಾ 180 ದಿನಗಳಿಗಿಂತ ಹೆಚ್ಚಿನದಾದರೆ, ವೀಸಾದ ಮೇಲೆ ಬೇರೆ ಸೂಚನೆ ಇಲ್ಲದಿದ್ದಲ್ಲಿ, ಬಂದ 14 ದಿನಗಳೊಳಗೆ ವಿದೇಶೀಯರ ನೋಂದಣಿ ಆಗಬೇಕು. ಇ-ಎಫ್‌ಆರ್‌ಆರ್‌ಒ ಎಂಬ ವಿದೇಶೀಯರ ನೋಂದಣಿ ಕಚೇರಿಯ ತಾಣದಲ್ಲಿ ಮನೆಯಿಂದಲೇ ಮಾಡಬಹುದು. ಸೊಸೆ ಉಳಿದುಕೊಂಡಿರುವ ಮನೆಯವರು ವಿದೇಶೀಯರು ತಮ್ಮಲ್ಲಿ ತಂಗಿರುವ ಬಗ್ಗೆ, ಜನ ‘ಸಿ ಫಾರ್ಮ್’ ಎಂದು ಕರೆಯುವ ಮಾಹಿತಿಯನ್ನು 24 ಗಂಟೆಗಳೊಳಗೆ ಕೊಡಬೇಕು. ಸ್ವಂತ ಮನೆಯೆಂದು ಅನೇಕರು ಇದನ್ನು ಬಿಟ್ಟುಬಿಡುತ್ತಾರೆ.

ವಿಳಾಸದಲ್ಲಿ ಪೊಲೀಸ್ ಠಾಣೆಯನ್ನು ಸರಿಯಾಗಿ ಬರೆಯಿರಿ. ವಾಕಡ್, ಹಿಂಜವಡಿ, ನಿಗಡಿಗಳು 2018ರಿಂದ ಪಿಂಪ್ರಿ-ಚಿಂಚ್ವಡ್ ಪೊಲೀಸ್ ಆಯುಕ್ತಾಲಯಕ್ಕೆ ಸೇರಿವೆ, ಪುಣೆಗಲ್ಲ. ಬಾಡಿಗೆ ಮನೆಯಾದರೆ ನೋಂದಾಯಿತ ಲೀವ್ ಅಂಡ್ ಲೈಸನ್ಸ್ (ಬಾಡಿಗೆ) ಕರಾರನ್ನೇ ಕೇಳಿ. ನೋಟರಿ ಮುದ್ರೆಯ ಕರಾರು ಸಾಕೆನ್ನುವ ಮನೆಮಾಲೀಕರಿಗೆ, 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ನೋಂದಣಿಯ ಹೊಣೆ ಅವರದೇ ಎಂದು ಸ್ಪಷ್ಟವಾಗಿ ಹೇಳಿ.

7. ಒಸಿಐ

ಎರಡು ವರ್ಷ ತುಂಬಿದ ಮೇಲೆ ಅರ್ಜಿ ಹಾಕಿ. ಭಾರತದಲ್ಲಿ ಶುಲ್ಕ 15,000 ರೂಪಾಯಿ. ಸಂಗಾತಿಯ ವರ್ಗಕ್ಕೆ ಭದ್ರತಾ ಪರಿಶೀಲನೆ ಕಡ್ಡಾಯವಾದ್ದರಿಂದ ಪೊಲೀಸರು ಮನೆಗೆ ಬಂದರೆ ಗಾಬರಿಯಾಗಬೇಡಿ, ಅತ್ತೆ ಮಾವಂದಿರಿಗೂ ಮೊದಲೇ ಹೇಳಿಡಿ. ತಾವಾಗಲಿ, ತಂದೆ ತಾಯಿ, ಅಜ್ಜ ಅಜ್ಜಿ, ಮುತ್ತಜ್ಜ ಮುತ್ತಜ್ಜಿಯರಾಗಲಿ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಗಳಾಗಿದ್ದವರಿಗೆ ಈ ಕಾರ್ಡ್ ಸಿಗುವುದಿಲ್ಲ. ಕಾರ್ಡ್ ಸಿಕ್ಕರೆ ಸಾಮಾನ್ಯವಾಗಿ ಖಾಸಗಿ ನೌಕರಿಗೆ ಅಡ್ಡಿಯಿಲ್ಲ. ಆದರೆ ಮತದಾನವಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ.

ಈ ಕಾರ್ಡ್ ಮದುವೆಯನ್ನು ಆಧರಿಸಿದ್ದು, ವಿಚ್ಛೇದನವಾದರೆ ರದ್ದಾಗಬಹುದು. ಇದನ್ನು ಮನೆಗೆ ಬರುವ ಸಂಗಾತಿಗೆ ಮುಚ್ಚಿಡದೆ ತಿಳಿಸುವುದು ಗಂಡನ ಕರ್ತವ್ಯ. ಸಂಗಾತಿ ಹೊಸ ಪಾಸ್‌ಪೋರ್ಟ್ ಪಡೆದಾಗಲೆಲ್ಲ ಅದರ ಪ್ರತಿ, ಹೊಸ ಭಾವಚಿತ್ರ, ಮದುವೆ ಊರ್ಜಿತವಾಗಿದೆ ಎಂಬ ಘೋಷಣೆ ಈ ಮೂರನ್ನೂ ಮೂರು ತಿಂಗಳೊಳಗೆ ಒಸಿಐ ತಾಣಕ್ಕೆ ಏರಿಸಬೇಕು. ಇದಕ್ಕೆ ಶುಲ್ಕವಿಲ್ಲ, ಏಜೆಂಟರೂ ಬೇಕಿಲ್ಲ.