ಪ್ರಾಣಿಗಳನ್ನು ವಿಂಗಡಿಸಲು ನಾನು ಮೊದಲು ಕೇಳುವುದು ಪದರವನ್ನೇ

ಮುಂಬೈನ ಅಂಧೇರಿಯಲ್ಲಿ ಹನ್ನೊಂದನೇ ಕ್ಲಾಸಿನ ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ. ಜಾಸ್ತಿ ಜನ ಉಡುಪಿ, ಮಂಗಳೂರು ಕಡೆಯ ಮನೆಗಳವರು. ಪ್ರಾಣಿ ವರ್ಗೀಕರಣದ ಪಾಠ ಬಂದಾಗ ಸುಮ್ನೆ ಪಟ್ಟಿ ಬಾಯಿಪಾಠ ಮಾಡಿಸುವುದು ನನಗೆ ಹಿಡಿಸುವುದಿಲ್ಲ. ಇಳಿತದ ಹೊತ್ತು ನೋಡಿ ಬಾಂದ್ರಾದ ಕಲ್ಲುದಂಡೆಗೆ ಕರೆದುಕೊಂಡು ಹೋಗುತ್ತೇನೆ.

ಕಲ್ಲಿನ ಗುಂಡಿಯಲ್ಲಿ ನಿಂತ ನೀರಿನಲ್ಲಿ ಸೀ ಅನಿಮೋನ್ ಎಂಬ ಹೂವಿನಂಥ ಪ್ರಾಣಿ ಸಿಗುತ್ತದೆ. ನಡುವೆ ಬಾಯಿ, ಸುತ್ತಲೂ ತೋಳು. "ಟೀಚರ್, ಇದಕ್ಕೆ ಎಡ ಬಲ ಇಲ್ವಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೊರಗಿನಿಂದ ನೋಡಿದರೆ ಇಲ್ಲ. ಅದು ರೇಡಿಯಲ್ ಸಿಮೆಟ್ರಿ, ಅಂದರೆ ನಡುವಿನಿಂದ ಸುತ್ತಲೂ ಒಂದೇ ತರ ಇರುವ ಆಕಾರ. ಕೂತಲ್ಲೇ ಕೂರುವ ಪ್ರಾಣಿಗೆ ಆಹಾರ ಯಾವ ದಿಕ್ಕಿನಿಂದಲೂ ಬರಬಹುದು ತಾನೆ? ಪಕ್ಕದಲ್ಲಿ ಓಡುವ ಏಡಿಗೆ ಎಡ ಬಲ ಎರಡೂ ಇವೆ. ಅದು ಬೈಲ್ಯಾಟರಲ್.

ಸಿಮೆಟ್ರಿ ಕಣ್ಣಿಗೆ ಕಾಣುತ್ತದೆ, ಭ್ರೂಣದ ಪದರ, ಅಂದರೆ ಮುಂದೆ ಅಂಗಗಳಾಗಿ ಬೆಳೆಯುವ ಜೀವಕೋಶಗಳ ಪದರ, ಕಾಣುವುದಿಲ್ಲ. ಅದಕ್ಕೆ ಸಿಗಡಿ ಬೇಕು. ಸಾರಿಗೆ ತಂದ ಸಿಗಡಿಯಲ್ಲೇ ಒಂದನ್ನು ಮಕ್ಕಳ ಮುಂದೆ ಬಿಡಿಸುತ್ತೇನೆ. ಸಿಪ್ಪೆ ಹೊರಪದರದಿಂದ ಬಂದ ಚರ್ಮ ಸ್ರವಿಸಿದ್ದು. ಬೆನ್ನಿನಿಂದ ಎಳೆದು ಬಿಸಾಡುವ ಕಪ್ಪು ದಾರ ಕರುಳು. ಅದರ ಒಳಪೊರೆ ಒಳಪದರದ್ದು. ನಾವು ತಿನ್ನುವ ಮಾಂಸ ನಡುಪದರದ್ದು. ಹೃದಯವೂ ಅದರದ್ದೇ. ಅನಿಮೋನ್‌ಗೆ ಈ ನಡುಪದರವೇ ಇಲ್ಲ. ಎರಡು ಪದರಗಳ ನಡುವೆ ಬರೀ ಲೋಳೆಯಂಥ ಮೀಸೋಗ್ಲಿಯಾ. ಸಿಗಡಿ ಕೈಗೆ ಬಂದ ಮೇಲೆ ಟ್ರಿಪ್ಲೋಬ್ಲಾಸ್ಟಿಕ್, ಅಂದರೆ ಮೂರು ಪದರದ್ದು, ಎಂಬ ಮಾತಿಗೆ ಯಾರೂ ಹೆದರುವುದಿಲ್ಲ.

ಸ್ಪಂಜು ಎಂಬ ನೀರಿನ ಪ್ರಾಣಿಗೆ ನಿಜವಾದ ಅಂಗಾಂಶವೇ (ಒಟ್ಟಾಗಿ ಒಂದು ಕೆಲಸ ಮಾಡುವ ಜೀವಕೋಶಗಳ ಗುಂಪು) ಇಲ್ಲ, ಹಾಗಾಗಿ ಪದರದ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಮಕ್ಕಳು ತಡವರಿಸುವುದು ನಕ್ಷತ್ರಮೀನಿನ ಹತ್ತಿರ. ಐದು ತೋಳು ನೋಡಿದ ಕೂಡಲೇ ಅನಿಮೋನ್ ಸಾಲಿಗೆ ಸೇರಿಸಿಬಿಡುತ್ತಾರೆ. ಆಗ ಅದರ ಮರಿಯ ಚಿತ್ರ ತೋರಿಸುತ್ತೇನೆ. ನೀರಲ್ಲಿ ಈಜುವ ಆ ಲಾರ್ವಾ ಅಚ್ಚುಕಟ್ಟಾಗಿ ಬೈಲ್ಯಾಟರಲ್. ಐದರ ಆಕಾರ ಬೆಳೆದ ಮೇಲೆ ಬಂದದ್ದು. ಪದರಗಳೂ ಮೂರು. ಭ್ರೂಣದಲ್ಲಿ ಮೊದಲು ಮೂಡುವ ರಂಧ್ರ ಬಾಯಿ ಆಗುವುದಿಲ್ಲ, ಗುದದ್ವಾರದ ಕಡೆಗೆ ಹೋಗುತ್ತದೆ. ಬೆನ್ನುಮೂಳೆ ಇರುವ ನಮ್ಮಲ್ಲೂ ಹಾಗೇ. ನೋಡಲು ಅನಿಮೋನ್‌ನಂತಿರುವ ಪ್ರಾಣಿ ನಂಟಿನಲ್ಲಿ ಏಡಿಗಿಂತ ನಮಗೆ ಹತ್ತಿರ! ಪ್ರತಿ ವರ್ಷ ಹೇಳುವಾಗಲೂ ನನಗೆ ಇದು ಅದ್ಭುತ ಅನ್ನಿಸುತ್ತದೆ. ಸಿಮೆಟ್ರಿಗಿಂತ ಮೊದಲು ಅಂಗಾಂಶ, ಪದರ ಕೇಳಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮಳೆಗಾಲದಲ್ಲಿ ಮಾತ್ರ ದಂಡೆಗೆ ಹೋಗುವುದಿಲ್ಲ. ಅಲೆಯ ಭಯ ಒಂದು, ಜುಹೂ ಕಡೆ ಬಂದು ಬೀಳುವ, ಜೆಲ್ಲಿಮೀನಿನಂಥ ನೀಲಿ ಪ್ರಾಣಿ ಬ್ಲೂಬಾಟಲ್ ಇನ್ನೊಂದು. ಸತ್ತು ಬಿದ್ದಿದ್ದರೂ ಅದು ಕುಟುಕುತ್ತದೆ. ದೇಹದ ಕುಹರದ ವಿಷಯವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳುತ್ತೇನೆ. ಒಂದೇ ಸಲ ತುರುಕಿದರೆ ಎಲ್ಲ ಕಲಸಿಹೋಗುತ್ತದೆ.